ಹೊಲಕ್ಕೆ ಮಳೆ ಬಾರದಿದ್ದರೆ ಮಗ್ಗ ಏಕೆ ನಿಲ್ಲುತ್ತದೆ?

ಪ್ರಶ್ನೆ: ನೀರಿನ ಕೊರತೆಯಿಂದ ಬಡ ದೇಶಗಳ ಆರ್ಥಿಕ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕದಲ್ಲಿ ಓದಿದೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹರಿಯುತ್ತವೆ, ಮಗ್ಗುಲಲ್ಲೇ ಆಲಮಟ್ಟಿ ಜಲಾಶಯವಿದೆ. ಆದರೂ ಬಾದಾಮಿ, ಹುನಗುಂದದ ಕಡೆಯ ಜನ ಗುಳೆ ಹೋಗುತ್ತಾರೆ. ಅತ್ತ ಮರುಭೂಮಿಯ ಇಸ್ರೇಲ್ ಶ್ರೀಮಂತವಾಗಿದೆ. ಹಾಗಾದರೆ ಬಡತನಕ್ಕೆ ನೀರಿನ ಕೊರತೆ ಕಾರಣವೋ, ನೀರಿನ ಕೊರತೆಗೆ ಬಡತನ ಕಾರಣವೋ? ಇನ್ನೊಂದು ಮಾತು: ಟ್ಯಾಂಕರ್ ನೀರು ಮಾರುವುದೂ ವ್ಯಾಪಾರವೇ ತಾನೇ, ಅದರಿಂದ ಬೆಳವಣಿಗೆ ಹೆಚ್ಚಬೇಕಲ್ಲವೇ?
— ಇಳಕಲ್‌ನ ಓದುಗರೊಬ್ಬರು

ಉತ್ತರ: ಪುಸ್ತಕದಲ್ಲಿ ಓದಿದ ಮಾತನ್ನು ನೀವು ನಿಮ್ಮ ಜಿಲ್ಲೆಗೆ ಹಚ್ಚಿ ನೋಡಿದ್ದೀರಿ, ಅದು ಸರಿಹೋಗದಿದ್ದಾಗ ಕೇಳಿದ್ದೀರಿ. ಇದು ಸಂತೋಷದ ವಿಷಯ. ನಿಮಗೆ ಬಂದ ಸಂಶಯ ಸಹಜವಾದದ್ದು, ಅರ್ಥಶಾಸ್ತ್ರ ಓದಿದವರನ್ನೂ ಅದು ಕಾಡುತ್ತದೆ. ನದಿಗಳಿದ್ದೂ ಕೊರತೆ ಹೇಗೆ, ಆ ಕೊರತೆ ಬೆಳವಣಿಗೆಯನ್ನು ಯಾವ ದಾರಿಯಲ್ಲಿ ತಡೆಯುತ್ತದೆ, ಕಾರಣ ಯಾವುದು, ಪರಿಣಾಮ ಯಾವುದು ಎಂದು ಒಂದೊಂದಾಗಿ ಬಿಡಿಸೋಣ. ಟ್ಯಾಂಕರಿನ ಪ್ರಶ್ನೆ ಕೊನೆಗಿರಲಿ. ನೀವು ಅದನ್ನು ಬಾಲದಲ್ಲಿ ಸೇರಿಸಿದ್ದೀರಿ, ನನಗೆ ಹೆಚ್ಚು ಇಷ್ಟವಾದದ್ದು ಅದೇ.

ಮೊದಲು ನದಿಗಳು. ನಕಾಶೆಯಲ್ಲಿ ನೋಡಿದರೆ ನಿಮ್ಮ ಜಿಲ್ಲೆ ನೀರಿನ ನಡುವೆಯೇ ಇದೆ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಆದರೆ ನದಿ ತಗ್ಗಿನಲ್ಲಿ ಹರಿಯುತ್ತದೆ, ಹೊಲಗಳು ಎತ್ತರದಲ್ಲಿವೆ. ನೀರು ಮೇಲೇರಬೇಕಾದರೆ ಪಂಪು, ಪೈಪು, ವಿದ್ಯುತ್ತು, ಇವೆಲ್ಲಕ್ಕೂ ಹಣ ಬೇಕು. ಆಲಮಟ್ಟಿಯಲ್ಲಿ 519.60 ಮೀಟರ್ ಮಟ್ಟಕ್ಕೆ ಸುಮಾರು 123 ಟಿಎಂಸಿ ಅಡಿ ನೀರು ನಿಲ್ಲುತ್ತದೆ, ನಿಜ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಆ ನೀರಿನ ದೊಡ್ಡ ಪಾಲನ್ನು ಕೆಳಗಿನ ವಿಜಯಪುರ, ಯಾದಗಿರಿ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಒಯ್ಯುತ್ತವೆ. ಹಿನ್ನೀರು ಬಂದು ನಿಂತದ್ದು ಬಾಗಲಕೋಟೆಯ ಕಡೆಗೆ. ಹಳೇ ಪಟ್ಟಣದ ಒಂದು ಭಾಗ ಮುಳುಗಿ ನವನಗರ ಎದ್ದದ್ದು ನಿಮಗೆ ಗೊತ್ತೇ ಇದೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟೆಯಿಂದ ನಿಮ್ಮ ಜಿಲ್ಲೆಗೆ ಸಿಕ್ಕಿದ್ದೆಷ್ಟು, ಹೋದದ್ದೆಷ್ಟು ಎಂಬ ಲೆಕ್ಕ ಅಲ್ಲಿನ ಜನರ ಬಾಯಲ್ಲಿ ಇನ್ನೂ ಮುಗಿದಿಲ್ಲ.

ಮಲಪ್ರಭೆಯ ಕಥೆ ಇನ್ನೊಂದು ಬಗೆಯದು. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ 1970ರ ದಶಕದ ಆರಂಭದಲ್ಲಿ ಅದಕ್ಕೆ ಅಣೆಕಟ್ಟಾಯಿತು. ಸುಮಾರು 37 ಟಿಎಂಸಿ ಅಡಿ ಹಿಡಿಯುವ ಆ ಜಲಾಶಯ ಪೂರ್ತಿ ತುಂಬುವ ವರ್ಷಗಳು ಕಡಿಮೆ. ಅದಕ್ಕೇ ಮಹದಾಯಿ ಕಣಿವೆಯಿಂದ ಕಳಸಾ-ಬಂಡೂರಿ ನಾಲೆಗಳ ಮೂಲಕ ನೀರು ತರಬೇಕೆಂಬ ಬೇಡಿಕೆ. 2018ರಲ್ಲಿ ನ್ಯಾಯಮಂಡಳಿ ತೀರ್ಪು ಕೊಟ್ಟ ಮೇಲೂ ಅದು ಕಾಗದದಿಂದ ಕಾಲುವೆಗೆ ಇಳಿದಿಲ್ಲ. ಬೇಸಿಗೆಯಲ್ಲಿ ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ಮರಳು ಕಾಣುತ್ತದೆ. ಅದೇ ನದಿ 2009ರಲ್ಲೂ 2019ರಲ್ಲೂ ದಂಡೆ ಮೀರಿ ಬಂತು. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳೊಳಗೆ ನೀರು ಹೊಕ್ಕಿತ್ತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು.

ಇಲ್ಲಿ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ನೀರಿನ ಕೊರತೆ ಎಂದೊಡನೆ ನಾವು ಪ್ರಮಾಣವನ್ನಷ್ಟೇ ನೆನೆಯುತ್ತೇವೆ. ಪಠ್ಯಪುಸ್ತಕಗಳೂ ಹಾಗೇ ಕಲಿಸುತ್ತವೆ. ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕನ್‌ಮಾರ್ಕ್ ಹಾಕಿಕೊಟ್ಟ ಅಳತೆಯಂತೆ, ತಲೆಗೆ ವರ್ಷಕ್ಕೆ 1,700 ಘನ ಮೀಟರಿಗಿಂತ ಕಡಿಮೆ ನೀರಿದ್ದರೆ ಒತ್ತಡ, 1,000ಕ್ಕಿಂತ ಕಡಿಮೆಯಿದ್ದರೆ ಕೊರತೆ. ಭಾರತ ಈಗಾಗಲೇ 1,700ರ ಗೆರೆಯ ಕೆಳಗಿದೆ. ಈ ಅಳತೆ ದೇಶಗಳನ್ನು ಹೋಲಿಸಲು ಅನುಕೂಲ. ನಿಮ್ಮ ಊರಿನ ರೈತರಿಗೆ ಮಾತ್ರ ಅದು ಏನನ್ನೂ ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಬೇರೆ ಮೂರು ಉತ್ತರಗಳು: ನೀರು ನನ್ನ ಹೊಲದವರೆಗೆ ಬರುತ್ತದೆಯೇ, ಬೇಕಾದ ವಾರದಲ್ಲಿ ಬರುತ್ತದೆಯೇ, ಮುಂದಿನ ವರ್ಷವೂ ಬರುತ್ತದೆಂದು ನಂಬಬಹುದೇ? ನೀರು ಇದ್ದೂ ಅದನ್ನು ತರುವ ಹಣ, ಕಾಲುವೆ, ವ್ಯವಸ್ಥೆ ಇಲ್ಲದ ಸ್ಥಿತಿಯನ್ನು ತಜ್ಞರು ಆರ್ಥಿಕ ಜಲಕೊರತೆ ಎಂದು ಪ್ರತ್ಯೇಕವಾಗಿ ಕರೆಯುತ್ತಾರೆ. ಆಫ್ರಿಕಾದ ಬಹುಭಾಗದಲ್ಲಿರುವುದು ಇದೇ. ಮೂರು ನದಿಗಳಿದ್ದೂ ಹುನಗುಂದ ಒಣಗುವುದರ ಹಿಂದೆಯೂ ಬಹುಮಟ್ಟಿಗೆ ಇದೇ ಇದೆ.

ನನ್ನ ಅಭಿಪ್ರಾಯದಲ್ಲಿ ಆ ಮೂರರಲ್ಲಿ ಕೊನೆಯದೇ, ಅಂದರೆ ನಂಬಿಕೆಯ ಪ್ರಶ್ನೆಯೇ, ಆರ್ಥಿಕ ಬೆಳವಣಿಗೆಗೆ ಎಲ್ಲಕ್ಕಿಂತ ಹತ್ತಿರದ್ದು. ತಿಂಗಳಿಗೆ ಹದಿನೈದು ಸಾವಿರ ಖಚಿತ ಪಗಾರ ಇರುವವರು ಮನೆ ಕಟ್ಟಲು ಸಾಲ ಮಾಡುತ್ತಾರೆ; ಒಂದು ತಿಂಗಳು ಅರವತ್ತು ಸಾವಿರ ಬಂದು ಮೂರು ತಿಂಗಳು ಏನೂ ಬಾರದವರು ಆ ಧೈರ್ಯ ಮಾಡುವುದಿಲ್ಲ. ಮಳೆಯ ಮೇಲೆ ನಿಂತ ಒಕ್ಕಲುತನವೂ ಹೀಗೆಯೇ. ನಿಮ್ಮ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ. ಜೋಳಕ್ಕೆ ಬೆಳೆಯ ಅವಧಿಯಲ್ಲಿ ಬೇಕಾಗುವ ನೀರು 450ರಿಂದ 650 ಮಿಲಿಮೀಟರ್. ಕಾಗದದ ಮೇಲೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಎರಿ ಭೂಮಿಯ ಹಿಂಗಾರಿ ಬಿಳಿಜೋಳ ಸೆಪ್ಟೆಂಬರಿನ ಹಸಿಯ ಮೇಲೇ ಮಾಗುವ ಬೆಳೆ. ಆದರೆ ಆ 600 ಯಾವಾಗ ಬೀಳುತ್ತದೆ ಎಂದು ಯಾರೂ ಹೇಳಲಾರರು. ಬಿತ್ತುವಾಗ ಬಾರದೆ ರಾಶಿ ಮಾಡುವಾಗ ಬಂದರೆ ಸರಾಸರಿಗೆ ಏನೂ ಕುಂದಿಲ್ಲ, ರೈತನಿಗೆ ಮಾತ್ರ ಕಾಳಿಲ್ಲ.

ಇದರ ಪರಿಣಾಮ ಬರದ ವರ್ಷದಲ್ಲಿ ಮಾತ್ರ ಕಾಣುವುದಿಲ್ಲ, ಮಳೆ ಚೆನ್ನಾಗಿ ಬಂದ ವರ್ಷದಲ್ಲೂ ಕಾಣುತ್ತದೆ. ಈ ಅಂಶವನ್ನು ಪರೀಕ್ಷೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮಳೆಯನ್ನು ನಂಬಲಾಗದವರು ಗೊಬ್ಬರಕ್ಕೆ ಹೆಚ್ಚು ಹಾಕುವುದಿಲ್ಲ, ದುಬಾರಿ ಬೀಜ ತರುವುದಿಲ್ಲ. ಕಳೆದುಕೊಂಡರೂ ಬದುಕಬಹುದಾದಷ್ಟನ್ನೇ ಭೂಮಿಗೆ ಸುರಿಯುತ್ತಾರೆ. ಅದು ಜಾಣತನವೇ. ಆದರೆ ಹಾಗೆ ಮಾಡಿದ್ದರಿಂದ ಒಳ್ಳೆಯ ಮಳೆ ಬಂದಾಗಲೂ ಸಿಗಬಹುದಾದಷ್ಟು ಇಳುವರಿ ಸಿಗುವುದಿಲ್ಲ. ಇಥಿಯೋಪಿಯಾದ ಬಗ್ಗೆ 2006ರಲ್ಲಿ ವಿಶ್ವಬ್ಯಾಂಕ್ ಮಾಡಿದ ಅಧ್ಯಯನ ಇದನ್ನೇ ತೋರಿಸಿತು: ಮಳೆಯ ಏರಿಳಿತದಿಂದ ಆ ದೇಶ ತನ್ನ ಬೆಳವಣಿಗೆಯ ಸಾಧ್ಯತೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತಿತ್ತು. ನೀಲಿ ನೈಲ್ ನದಿ ಹುಟ್ಟುವ ದೇಶ ಅದು. ಅಲ್ಲಿ ನೀರೇ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಈಗ ನಿಮ್ಮ ಊರಿಗೆ ಬರೋಣ. ಇಳಕಲ್ ಸೀರೆಯ ಮೈ ನೇಯಲು ಮಳೆ ಬೇಕಾಗಿಲ್ಲ. ನೂಲಿಗೆ ಬಣ್ಣ ಹಾಕಲು, ಗಂಜಿ ಮಾಡಲು ನೀರು ಬೇಕು. ನಿಮ್ಮ ಕೆಂಪು ಗ್ರಾನೈಟ್ ಕೊಯ್ಯುವ, ಪಾಲಿಶ್ ಮಾಡುವ ಯಂತ್ರಗಳಿಗೂ ಬೇಕು. ಇವೆರಡೂ ನೇರ ಬಳಕೆ, ಬೇಸಿಗೆಯಲ್ಲಿ ಅದರ ಖರ್ಚು ಏರುತ್ತದೆ. ಆದರೆ ಮಗ್ಗಕ್ಕೆ ದೊಡ್ಡ ಪೆಟ್ಟು ಬೀಳುವುದು ಕೊಳ್ಳುವವರ ಕಡೆಯಿಂದ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ನೇಯುವ ನಿಮ್ಮ ಸೀರೆಯನ್ನು ತಲೆತಲಾಂತರದಿಂದ ಉಟ್ಟವರು ಉತ್ತರ ಕರ್ನಾಟಕದ, ಮಹಾರಾಷ್ಟ್ರದ ಹಳ್ಳಿಗಳ ಹೆಣ್ಣುಮಕ್ಕಳು. ಅವರು ಸೀರೆ ಕೊಳ್ಳುವುದು ರಾಶಿಯ ಹಣ ಕೈಗೆ ಬಂದಾಗ, ಮದುವೆಯ ಕಾಲದಲ್ಲಿ.

ಲೆಕ್ಕಕ್ಕಾಗಿ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ನೂರು ಮನೆಗಳಿವೆ, ಬೆಳೆ ಬಂದ ವರ್ಷ ಮನೆಗೆ ಎರಡು ಸೀರೆಯಂತೆ ಇನ್ನೂರು ಸೀರೆ ಕೊಳ್ಳುತ್ತಾರೆ. ಬೆಳೆ ಅರ್ಧಕ್ಕೆ ಇಳಿದರೆ ಸೀರೆ ನೂರಕ್ಕೆ ಇಳಿಯುತ್ತದೆಯೇ? ಇಲ್ಲ, ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಅರ್ಧ ಬೆಳೆಯ ಹಣ ಮೊದಲು ಊಟಕ್ಕೆ, ಸಾಲದ ಬಡ್ಡಿಗೆ, ದನದ ಮೇವಿಗೆ ಹೋಗುತ್ತದೆ. ಸೀರೆಯ ಪಾಳಿ ಕೊನೆಯದು. ಹೊಲದಲ್ಲಿ ಅರ್ಧ ಕಡಿಮೆಯಾದದ್ದು ಸೀರೆಯಂಗಡಿಯಲ್ಲಿ ಮುಕ್ಕಾಲು ಕಡಿಮೆಯಾಗಬಹುದು. ಅಂಗಡಿಯವರು ಮಾಲಕರಿಗೆ ಆರ್ಡರ್ ನಿಲ್ಲಿಸುತ್ತಾರೆ, ಮಾಲಕರು ನೂಲು ಕೊಡುವುದನ್ನು ನಿಲ್ಲಿಸುತ್ತಾರೆ, ಕೂಲಿ ನೇಕಾರರು ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಾರೆ. ನೀರಿನ ಕೊರತೆ ಹೊಲದಲ್ಲೇ ನಿಲ್ಲದೆ ಪೇಟೆಗೆ ನಡೆದು ಬರುವ ದಾರಿ ಇದು. ಮಗ್ಗಕ್ಕೆ ಮಳೆಯ ಹಂಗಿಲ್ಲ ಎಂದುಕೊಂಡವರ ಲೆಕ್ಕ ತಪ್ಪುವುದೂ ಇಲ್ಲಿಯೇ.

ಇದು ಹೊಸ ಸಂಗತಿಯಲ್ಲ. 1876ರಿಂದ 78ರವರೆಗಿನ ಮಹಾ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಅಂದರೆ ಇಂದಿನ ಬಾಗಲಕೋಟೆ-ವಿಜಯಪುರದ ಸೀಮೆ, ದಖ್ಖನ್ನಿನಲ್ಲಿ ಬಹಳ ನೊಂದ ಜಿಲ್ಲೆಗಳಲ್ಲಿ ಒಂದು. 1872ರ ಜನಗಣತಿಗೂ 1881ರದಕ್ಕೂ ನಡುವೆ ಅಲ್ಲಿನ ಜನಸಂಖ್ಯೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಬರದಲ್ಲಿ ನೇಕಾರರು ಬೇಗನೆ ಕೆಲಸ ಕಳೆದುಕೊಳ್ಳುತ್ತಾರೆಂಬುದನ್ನು ಬ್ರಿಟಿಷ್ ಅಧಿಕಾರಿಗಳೂ ಗುರುತಿಸಿದ್ದರು. ಆಮೇಲೆ ರೂಪಿಸಿದ ಬರಗಾಲದ ನಿಯಮಗಳಲ್ಲಿ ನೇಕಾರರಿಗೆ ಅವರ ಕಸುಬಿನಲ್ಲೇ ಕೆಲಸ ಕೊಡುವ ಏರ್ಪಾಟಿತ್ತು. ನೀವು ಬಾದಾಮಿ ನಿಲ್ದಾಣದಲ್ಲಿ ಹತ್ತುವ ರೈಲಿನ ಹಳಿಯೂ ಆ ಬರದ ಕೂಸೇ. ಬರ ಬಂದಾಗ ಬೇರೆ ಕಡೆಯ ಧಾನ್ಯ ತರಲು ದಾರಿ ಬೇಕೆಂದು ಕಟ್ಟಿದ ಹೋಟಗಿ-ಗದಗ ಮಾರ್ಗ ಅದು. ಅದಕ್ಕಾಗಿಯೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, 1884ರಲ್ಲಿ ಗಾಡಿ ಓಡತೊಡಗಿತು. ಇಂದು ಬರದಿಂದ ಯಾರೂ ಹಸಿದು ಸಾಯುವುದಿಲ್ಲ. ಪಡಿತರ ಇದೆ, ರೈಲು ಇದೆ. ಬರ ಈಗ ಪ್ರಾಣ ತೆಗೆಯುವ ಬದಲು ಉಳಿತಾಯ ತೆಗೆಯುತ್ತದೆ.

ಗುಳೆಯ ಬಗ್ಗೆ ಕೇಳಿದ್ದೀರಿ. ಬಾದಾಮಿ, ಹುನಗುಂದದ ಕಡೆಯವರು ಗೋವಾ, ಮಂಗಳೂರು, ಉಡುಪಿ, ಬೆಂಗಳೂರಿನ ಕಟ್ಟಡ ಕೆಲಸಗಳಲ್ಲಿ ಎಷ್ಟೊಂದು ಜನ ಇದ್ದಾರೆಂದು ಆ ಊರುಗಳಿಗೆ ಹೋದವರೆಲ್ಲ ಬಲ್ಲರು. ಅರ್ಥಶಾಸ್ತ್ರದ ಪುಸ್ತಕ ಇದನ್ನು ಒಳ್ಳೆಯದೆಂದೇ ಹೇಳೀತು: ಕೂಲಿ ಕಡಿಮೆ ಇರುವಲ್ಲಿಂದ ಹೆಚ್ಚು ಇರುವಲ್ಲಿಗೆ ಜನ ಹೋದರೆ ದೇಶದ ಒಟ್ಟು ಉತ್ಪನ್ನ ಹೆಚ್ಚುತ್ತದೆ. ಮಾತು ಸುಳ್ಳಲ್ಲ, ಮನೆಗೆ ಬರುವ ಹಣದಿಂದ ಎಷ್ಟೋ ಸಾಲ ತೀರಿದೆ. ಆದರೆ ಓದು, ಕಸುಬು ಕಲಿತು ಊರು ಬಿಡುವವರು ಬೇರೆ, ಹಿಂಗಾರಿ ಕೈಕೊಟ್ಟಿತೆಂದು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೊರಡುವವರು ಬೇರೆ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂದು ಕಲಿತ ಮಗು ಮುಂದೆ ಹೆಚ್ಚಿನ ಕೂಲಿಯ ಕೆಲಸಕ್ಕೆ ಹೋಗುವುದು ಕಷ್ಟ. ಒಂದು ಬರದ ಬೆಲೆಯನ್ನು ಇಪ್ಪತ್ತು ವರ್ಷದ ಮೇಲೆ ತೆರುವುದು ಹೀಗೆ. ಕುಡಿಯುವ ನೀರೂ ಇದೇ ಲೆಕ್ಕಕ್ಕೆ ಸೇರುತ್ತದೆ. ಹುನಗುಂದ-ಇಳಕಲ್ ಸೀಮೆಯ ಕೆಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಎರಡಕ್ಕೂ ಹಾನಿ. ಮೂಳೆ ನೋಯುವವರು ದುಡಿಯುವುದು ಕಡಿಮೆ. ಕೊಳವೆಬಾವಿ ಎಷ್ಟು ಆಳಕ್ಕಿಳಿದರೂ ಈ ಸಮಸ್ಯೆ ತೀರುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಕಾರಣ ಯಾವುದು, ಪರಿಣಾಮ ಯಾವುದು? ಎರಡೂ ನಿಜ, ಒಂದು ಇನ್ನೊಂದನ್ನು ಬೆಳೆಸುತ್ತದೆ. ನೀರು ನೆಚ್ಚುವಂತಿಲ್ಲದಿದ್ದರೆ ಹಣ ಕೂಡುವುದಿಲ್ಲ, ಹಣ ಕೂಡದಿದ್ದರೆ ನೀರನ್ನು ನೆಚ್ಚುವಂತೆ ಮಾಡಿಕೊಳ್ಳಲಾಗುವುದಿಲ್ಲ. ಇಸ್ರೇಲ್ ಈ ಸುತ್ತಿನಿಂದ ಹೊರಗೆ ಬಂದದ್ದು ಹಣ ಮತ್ತು ವ್ಯವಸ್ಥೆಯಿಂದ. ಅದು ಸಮುದ್ರದ ನೀರನ್ನು ಸಿಹಿ ಮಾಡುತ್ತದೆ, ಕೊಳಚೆ ನೀರಿನ ಬಹುಪಾಲನ್ನು ಶುದ್ಧ ಮಾಡಿ ಹೊಲಕ್ಕೆ ಹರಿಸುತ್ತದೆ. ಇನ್ನೂ ಮುಖ್ಯವಾದದ್ದು, ತನಗೆ ಬೇಕಾದ ಗೋಧಿಯ ಹೆಚ್ಚಿನ ಪಾಲನ್ನು ಅದು ಹೊರಗಿನಿಂದ ಕೊಳ್ಳುತ್ತದೆ. ಗೋಧಿ ಕೊಳ್ಳುವುದೆಂದರೆ ಅದನ್ನು ಬೆಳೆಯಲು ಬೇಕಾದ ನೀರನ್ನೂ ಕೊಂಡಂತೆ ಎಂದು ಲಂಡನ್ನಿನ ಪ್ರಾಧ್ಯಾಪಕ ಟೋನಿ ಅಲನ್ ವಿವರಿಸಿದರು. ಅವರಿಗೆ 2008ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಬಂತು. ಹುನಗುಂದದ ಸಣ್ಣ ಹಿಡುವಳಿಯ ರೈತ ಹಾಗೆ ಕೊಳ್ಳಲಾರ. ಅವನ ಕೈಯಲ್ಲಿ ಮಾರುವುದಕ್ಕೆ ಇರುವುದೂ ಆ ಬೆಳೆಯೇ.

ಜಗತ್ತಿನ ಮಟ್ಟದ ಒಂದು ಅಂಕಿ ನಿಮ್ಮ ಪುಸ್ತಕದಲ್ಲೂ ಇರಬಹುದು. ನೀರಿನ ಕೊರತೆ ಬಿಗಡಾಯಿಸಿದರೆ 2050ರ ಹೊತ್ತಿಗೆ ಕೆಲವು ಪ್ರದೇಶಗಳು ಜಿಡಿಪಿಯ ಶೇ. 6ರವರೆಗೆ ಕಳೆದುಕೊಳ್ಳಬಹುದೆಂದು 2016ರಲ್ಲಿ ವಿಶ್ವಬ್ಯಾಂಕ್ ಅಂದಾಜಿಸಿತು. ಅದೇ ವರದಿಯ ಇನ್ನೊಂದು ಭಾಗವನ್ನು ಓದಿದವರು ಕಡಿಮೆ: ನೀರಿನ ಹಂಚಿಕೆ ಸುಧಾರಿಸಿದರೆ ಈ ನಷ್ಟದ ದೊಡ್ಡ ಪಾಲನ್ನು ತಪ್ಪಿಸಬಹುದು ಎಂದೂ ಅದು ಹೇಳಿದೆ.

ಹಾಗಾದರೆ ನೀರು ತಂದುಬಿಟ್ಟರೆ ಆಯಿತೇ ಎಂದು ನೀವು ಮುಂದೆ ಕೇಳುತ್ತೀರಿ. ನಿಮ್ಮ ಜಿಲ್ಲೆಯಲ್ಲೇ ಉತ್ತರಗಳಿವೆ, ಒಂದೊಂದೂ ಒಂದೊಂದು ಬಣ್ಣದವು. ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ತಾವೇ ದುಡಿದು 1989ರಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂಬ ಹೆಸರು ಬಂತು. ಮಳೆಗಾಲದಲ್ಲಿ ಹರಿದುಹೋಗುತ್ತಿದ್ದ ನೀರು ಬೇಸಿಗೆಗೂ ನಿಂತಿತು, ನೆಚ್ಚಿಕೊಳ್ಳುವ ನೀರಾಯಿತು, ಹಣವೂ ಓಡಾಡಿತು. ಅಂಥ ನೀರು ಕಂಡಲ್ಲೆಲ್ಲ ಕಬ್ಬು ಬಂತು. ಕಬ್ಬಿಗೆ ಬೇಕಾಗುವ ನೀರು 1,500ರಿಂದ 2,500 ಮಿಲಿಮೀಟರ್, ಜೋಳದ ಮೂರು-ನಾಲ್ಕು ಪಟ್ಟು. ಅತಿಯಾಗಿ ಹಾಯಿಸಿದ ಕಡೆ ಎರಿ ಭೂಮಿ ಸವುಳು-ಜವುಳಾಗಿ ಏನೂ ಬೆಳೆಯದಂತಾದದ್ದು ಜಮಖಂಡಿ, ಮುಧೋಳದ ರೈತರಿಗೆ ಚೆನ್ನಾಗಿ ಗೊತ್ತು. ಹುನಗುಂದದಲ್ಲಿ ಇದಕ್ಕೆ ಪೂರ್ತಿ ಎದುರಾದ ಪ್ರಯೋಗ ನಡೆಯಿತು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ 24,000 ಹೆಕ್ಟೇರಿಗೆ ಹನಿ ನೀರಾವರಿ ಕೊಡುವ ರಾಮಥಾಳ ಯೋಜನೆ ಅದು. ಏಷ್ಯಾದಲ್ಲೇ ದೊಡ್ಡದೆಂದು ಹೊಗಳಿಸಿಕೊಂಡಿತು. ಪೈಪುಗಳು ನೆಲದಡಿ ಹೋದವು, ಆದರೆ ಬಳಕೆ ಯೋಜಿಸಿದಷ್ಟು ಆಗಲಿಲ್ಲವೆಂಬ ದೂರು ರೈತರಿಂದಲೇ ಬಂದಿದೆ. ಪೈಪು ಹಾಕಲು ಹಣ ಸಾಕು. ಅದನ್ನು ವರ್ಷವರ್ಷ ನೋಡಿಕೊಳ್ಳಲು, ಪಾಳಿ ಹಂಚಲು, ಒಡೆದಾಗ ದುರಸ್ತಿ ಮಾಡಲು ಜನರ ನಡುವೆ ಒಪ್ಪಂದ ಬೇಕು. ಚಿಕ್ಕಪಡಸಲಗಿಯಲ್ಲಿ ಆ ಒಪ್ಪಂದ ಮೊದಲು ಆಯಿತು, ಬ್ಯಾರೇಜು ಆಮೇಲೆ ಬಂತು.

ಇವುಗಳಿಗಿಂತ ಹಳೆಯದು ಹೊಲದ ಒಡ್ಡು. ಹುನಗುಂದದ ಎರಿ ಹೊಲಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿ, ಹೆಚ್ಚಾದ ನೀರು ಕೆಳಗಿನ ಹೊಲಕ್ಕೆ ಇಳಿಯಲು ಕಲ್ಲಿನ ಕೋಡಿ ಬಿಟ್ಟಿರುವುದನ್ನು ನೋಡಿರುತ್ತೀರಿ. ಸೆಪ್ಟೆಂಬರಿನ ಜೋರು ಮಳೆ ಮಣ್ಣನ್ನು ಹೊತ್ತು ಹಳ್ಳಕ್ಕೆ ಓಡದೆ ಅಲ್ಲೇ ಇಂಗುತ್ತದೆ, ಹಿಂಗಾರಿ ಜೋಳಕ್ಕೆ, ಕಡಲೆಗೆ ಹಸಿ ಉಳಿಯುತ್ತದೆ. ಒಡ್ಡು ಮಳೆಯನ್ನು ಹೆಚ್ಚಿಸುವುದಿಲ್ಲ, ಬಂದ ಮಳೆಯ ಮೇಲಿನ ಭರವಸೆಯನ್ನು ಸ್ವಲ್ಪ ಹೆಚ್ಚಿಸುತ್ತದೆ. ಸಣ್ಣ ಕೆಲಸವಾದ್ದರಿಂದ ಇದಕ್ಕೆ ಅಡಿಗಲ್ಲು ಸಮಾರಂಭ ನಡೆಯುವುದಿಲ್ಲ. ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಲು ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮೇಲೆ ಆ ಬಗ್ಗೆ ಆದಷ್ಟು ಚರ್ಚೆ ಒಡ್ಡುಗಳ ಬಗ್ಗೆ ಆಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಎತ್ತರ ಏರಿದರೆ ನೀರು ಸಿಗುವುದು ಹಲವು ಜಿಲ್ಲೆಗಳಿಗೆ, ಮುಳುಗುವ ನೆಲದಲ್ಲಿ ದೊಡ್ಡ ಪಾಲು ಮತ್ತೆ ಬಾಗಲಕೋಟೆಯದು.

ಕೊನೆಗೆ ಟ್ಯಾಂಕರು. ನೀವು ಹೇಳಿದ್ದು ಲೆಕ್ಕದ ಪ್ರಕಾರ ಸರಿ. ಟ್ಯಾಂಕರಿಗೆ ಕೊಟ್ಟ ಹಣ, ಕೊಳವೆಬಾವಿ ಕೊರೆದವರ ಬಿಲ್ಲು, ಕ್ಯಾನಿನ ನೀರಿನ ಬೆಲೆ ಎಲ್ಲವೂ ಜಿಡಿಪಿಗೆ ಸೇರುತ್ತವೆ. ನೀರೇ ಸಿಗದ ಬಾವಿ ಕೊರೆದರೂ ಕೊರೆದ ಖರ್ಚು ಉತ್ಪನ್ನವೆಂದೇ ದಾಖಲಾಗುತ್ತದೆ. ಆದರೆ ಇಳಕಲ್‌ನ ಒಂದು ಮನೆಯವರು ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಸಾವಿರ ರೂಪಾಯಿ ಕೊಟ್ಟರೆ ಆ ಸಾವಿರದಲ್ಲಿ ಕೊಳ್ಳಬಹುದಾಗಿದ್ದ ಪುಸ್ತಕವೋ ಸೀರೆಯೋ ಮಾರಾಟವಾಗಲಿಲ್ಲ. ಒಂದು ಕಡೆ ಕೂಡಿದ್ದು ಇನ್ನೊಂದು ಕಡೆ ಕಳೆಯಿತು. ಮೊದಲು ಪುಕ್ಕಟೆ ಸಿಗುತ್ತಿದ್ದ ನೀರಿಗೆ ಈಗ ದುಡ್ಡು ಕೊಟ್ಟದ್ದರಿಂದ ಆ ಮನೆಯವರು ಮೊದಲಿಗಿಂತ ಉತ್ತಮ ಸ್ಥಿತಿಗೆ ಬರಲಿಲ್ಲ. ಟ್ಯಾಂಕರು ಬಾರದ ಓಣಿಯಲ್ಲಿ ಕೊಡ ಹೊತ್ತು ಎರಡು ತಾಸು ನಡೆದು ನೀರು ತರುವ ಹೆಣ್ಣುಮಗಳ ದುಡಿಮೆಯಂತೂ ಜಿಡಿಪಿಯ ಲೆಕ್ಕದಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ. ಮನೆಗೆ ನಳದ ನೀರು ಬಂದು ಆ ಎರಡು ತಾಸು ಉಳಿದರೂ ಅದು ನೇರವಾಗಿ ಲೆಕ್ಕಕ್ಕೆ ಬರುವುದಿಲ್ಲ. ಆ ಸಮಯದಲ್ಲಿ ಅವಳು ಎರಡು ಲಡಿ ನೂಲು ಸುತ್ತಿ ಕೂಲಿ ಪಡೆದರೆ ಮಾತ್ರ ಬರುತ್ತದೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ, ಜಿಡಿಪಿಯ ಅಂಕಿ ಬರೆದ ಮೇಲೆ ಈ ಎರಡು ತಾಸಿನ ಮಾತನ್ನೂ ಒಂದು ಸಾಲಿನಲ್ಲಿ ಸೇರಿಸಿ.